ಕ್ಯಾಬಿನ್ ಪ್ರಿಂಟರಿನ ಸದ್ದು

ಬ್ಯಾಂಕಿನಲ್ಲಿ ಪಾಸ್‌ಬುಕ್ ಪ್ರಿಂಟ್ ಮಾಡಿಸಲು ನಾನು ಹೋಗುವುದಿಲ್ಲ. ನಮ್ಮ ಯಜಮಾನರೇ ಹೋಗಬೇಕು. "ಅದೇನೇ ನಿನ್ನದು, ಆ ಮೆಶಿನ್ ಏನು ನಿನ್ನನ್ನ ಕಚ್ಚುತ್ತಾ?" ಎಂದು ರೇಗಿಸುತ್ತಾರೆ. ಕಚ್ಚುವುದಿಲ್ಲ, ಸದ್ದು ಮಾಡುತ್ತದೆ. ಸೂಜಿಗಳು ರಿಬ್ಬನ್ನಿನ ಮೇಲೆ ಓಡುವ ಆ ಕರ್ರ್ ಕರ್ರ್ ಶುರುವಾಯಿತೆಂದರೆ ನನ್ನ ಕೈ ತಣ್ಣಗಾಗುತ್ತದೆ. ಉದ್ದಕ್ಕೆ ಹೊಡೆಯುತ್ತಾ ಹೋದರೆ ಪರವಾಗಿಲ್ಲ, ಉಸಿರು ಬರುತ್ತದೆ. ಒಂದೆರಡು ಸಾಲು ಹೊಡೆದು ಗಪ್ಪನೆ ನಿಂತುಬಿಟ್ಟರೆ ಅಲ್ಲಿ ನಿಲ್ಲಲಾರೆ. ಇಷ್ಟು ವರ್ಷವಾದರೂ ಆ ಹಾಳು ಸದ್ದು ನನ್ನನ್ನು ಬಿಟ್ಟಿಲ್ಲ.

ಎಂಬತ್ತರ ದಶಕದ ಕೊನೆಯ ಮಾತು. ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿ, ಮದುವೆಯಾಗಿ ಬಾಂಬೆಗೆ ಬಂದವಳು ನಾನು. ಯಜಮಾನರಿಗೆ ವಿಕ್ರೋಳಿಯ ಕಾರ್ಖಾನೆಯಲ್ಲಿ ಕೆಲಸ, ಅಲ್ಲೇ ಕಾಲೊನಿಯಲ್ಲಿ ಮನೆ. ನನಗೆ ಫೋರ್ಟ್ ಬಡಾವಣೆಯ ಒಂದು ಹಡಗು ಕಂಪನಿಯ ಆಫೀಸಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ. ಬೆಳಿಗ್ಗೆ ಲೋಕಲ್ ರೈಲಿನಲ್ಲಿ ನುಜ್ಜುಗುಜ್ಜಾಗಿ ವಿಟಿ ಸ್ಟೇಷನ್ನಿನಲ್ಲಿ ಇಳಿದು, ದಾರಿಯ ಉಡುಪಿ ಹೋಟೆಲಿನಲ್ಲಿ ಒಂದು ಕಾಫಿ ಕುಡಿದ ಮೇಲೆಯೇ ನಾನು ಮನುಷ್ಯಳಾಗುತ್ತಿದ್ದುದು. ಅದಕ್ಕೆ ಮೊದಲು ಯಾರು ಮಾತಾಡಿಸಿದರೂ ಸಿಡುಕುತ್ತಿದ್ದೆ. ಆಮೇಲೂ ಸಿಡುಕುತ್ತಿದ್ದೆ ಎಂದು ಆಫೀಸಿನವರು ಹೇಳಿಯಾರು.

ಸಮುದ್ರದ ಮೇಲಿರುವ ಹಡಗುಗಳಿಂದ ತಂತಿಯಂತೆ ಬರುವ ಟೆಲೆಕ್ಸ್ ಸಂದೇಶಗಳೆಲ್ಲ ನಮ್ಮ ಕಂಪ್ಯೂಟರಿಗೆ ಬಂದು ಬೀಳುತ್ತಿದ್ದವು. ಕಂಪ್ಯೂಟರು ಒಂದೊಂದನ್ನೂ ಓದಿ, ಇದು ಯಾರಿಗೆ ಸೇರಬೇಕು ಎಂದು ತೀರ್ಮಾನಿಸಿ, ಆ ವಿಭಾಗದ ಪ್ರಿಂಟರಿಗೆ ಕಳಿಸುತ್ತಿತ್ತು. ಈಗಿನವರು ಅದನ್ನು ಸರ್ವರ್ ಎನ್ನುತ್ತಾರೆ. ನಾವು ಬರೀ ಸಿಸ್ಟಮ್ ಎನ್ನುತ್ತಿದ್ದೆವು. ಯಾವ ಸಂದೇಶ ಎಲ್ಲಿಗೆ ಹೋಗಬೇಕು ಎನ್ನುವುದಕ್ಕೆ ಒಂದು ಫೈಲಿನಲ್ಲಿ ಸಾಲು ಸಾಲಾಗಿ ನಿಯಮಗಳಿದ್ದವು. ಎಸಿ ರೂಮಿನಲ್ಲಿ ಬರಿಗಾಲಲ್ಲಿ ಕೂತು ಆ ಸಿಸ್ಟಮ್ಮನ್ನು ಕಾಯುವುದು ನನ್ನ ಪಾಲಿನ ಕೆಲಸ. ಧೂಳು ಬರಬಾರದೆಂದು ಕಂಪ್ಯೂಟರ್ ರೂಮಿಗೆ ಚಪ್ಪಲಿ ಹಾಕಿಕೊಂಡು ಹೋಗುವಂತಿರಲಿಲ್ಲ.

ನನ್ನ ರೂಮಿನ ಮುಂದಿನ ಉದ್ದ ಕಾರಿಡಾರಿನಲ್ಲಿ ಕ್ರೂ ಸೆಕ್ಷನ್ ಇತ್ತು. ಹಡಗಿನಲ್ಲಿ ದುಡಿಯುವವರ ರಜೆ, ಬದಲಿ, ಕಾಯಿಲೆ ಎಲ್ಲವನ್ನೂ ನೋಡಿಕೊಳ್ಳುವ ವಿಭಾಗ ಅದು. ಒಂದು ಕೌಂಟರು, ಅದರ ಎದುರು ಗೋಡೆಗೆ ಒಂದು ಮರದ ಬೆಂಚು, ಪಕ್ಕದಲ್ಲಿ ಮಂಜುಗಾಜಿನ ಬಾಗಿಲಿನ ಒಂದು ಕ್ಯಾಬಿನ್. ಕ್ಯಾಬಿನ್ನಿನಲ್ಲಿ ಕ್ರೂ ಮ್ಯಾನೇಜರ್ ಕೂರುತ್ತಿದ್ದರು. ಹಿಂದೆ ತಾವೇ ಹಡಗು ನಡೆಸಿದ ವಯಸ್ಸಾದ ಕ್ಯಾಪ್ಟನ್. ಮಾತು ಕಡಿಮೆ, ಆಡಿದರೆ ಹಿಂದಿ ಇಲ್ಲವೇ ಇಂಗ್ಲಿಷು. ಕೌಂಟರಿನಲ್ಲಿ ಧಾರವಾಡ ಕಡೆಯ ಒಬ್ಬ ಗುಮಾಸ್ತರು. ಅವರಿಗೆ ಮಾತು ಎಷ್ಟಿದ್ದರೂ ಸಾಲದು.

ಸೋಮವಾರ ಬಂತೆಂದರೆ ಆ ಬೆಂಚು ತುಂಬುತ್ತಿತ್ತು. ಭಾನುವಾರದಂದು ಒಂದೊಂದು ಹಡಗಿನಿಂದಲೂ ಕ್ಯಾಪ್ಟನ್ನು ಒಂದು ಸಂದೇಶ ಕಳಿಸುವ ಪದ್ಧತಿ ಇತ್ತು. ಮೇಲೆ 'ಕ್ರೂ ಕುಶಲ' ಎಂಬರ್ಥದ ಇಂಗ್ಲಿಷ್ ತಲೆಬರಹ, ಕೆಳಗೆ ಹಡಗಿನಲ್ಲಿರುವ ಒಬ್ಬೊಬ್ಬರದೂ ಒಂದೊಂದು ಸಾಲು, ಮನೆಯವರಿಗೆ. ಹುಷಾರಾಗಿದ್ದೇನೆ. ಹಲ್ಲುನೋವು ಹೋಯಿತು. ಮಗುವಿಗೆ ಮುತ್ತು. ಅಷ್ಟೇ. ಸೋಮವಾರ ಊಟದ ಹೊತ್ತಿನ ನಂತರ ಅವೆಲ್ಲ ಕೌಂಟರಿನ ಪ್ರಿಂಟರಿನಲ್ಲಿ ಬರುತ್ತಿದ್ದವು. ಗುಮಾಸ್ತರು ಕಬ್ಬಿಣದ ಸ್ಕೇಲು ಇಟ್ಟು ಒಂದೊಂದು ಸಾಲನ್ನು ಹರಿದು, "ಪಂಪ್‌ಮ್ಯಾನ್ ಮನೀಯವರು!", "ಬಾವರ್ಚಿ ಮನೀಯವರು!" ಎಂದು ಕೂಗಿ, ಓದಿ ಹೇಳಿ, ಚೀಟಿಯನ್ನು ಕೈಗಿಡುತ್ತಿದ್ದರು. ಚೀಟಿ ಸಿಕ್ಕಿದವರು ಮನೆಗೆ ಹೋಗುತ್ತಿರಲಿಲ್ಲ. ಬೆಂಚಿನಲ್ಲಿದ್ದ ಕೊನೆಯ ಹೆಂಗಸಿಗೂ ಅವಳ ಚೀಟಿ ಸಿಗುವ ತನಕ ಎಲ್ಲರೂ ಕಾಯುತ್ತಿದ್ದರು. ಹಾಗೆಂದು ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ.

ಇನ್ನೊಂದು ಪ್ರಿಂಟರ್ ಕ್ಯಾಬಿನ್ನಿನೊಳಗಿತ್ತು. ಹಳೆಯದು, ಭಾರದ್ದು, ಅದರ ಸದ್ದೇ ಬೇರೆ. ಹಿಂದೊಮ್ಮೆ ಯಾರೋ ಗುಮಾಸ್ತ ಕುಶಲದ ಸಾಲು ಓದುವ ಭರದಲ್ಲಿ ಒಂದು ಸಾವಿನ ಸುದ್ದಿಯನ್ನೂ ಅದೇ ರಾಗದಲ್ಲಿ ಓದಿಬಿಟ್ಟಿದ್ದನಂತೆ. ಆವತ್ತಿನಿಂದ ಮ್ಯಾನೇಜರ್ ಸಾಹೇಬರು ಕಟ್ಟುನಿಟ್ಟು ಮಾಡಿದ್ದರು. ಒಳ್ಳೆಯದೆಲ್ಲ ಕೌಂಟರಿಗೆ, ಕೆಟ್ಟದ್ದು ಕ್ಯಾಬಿನ್ನಿಗೆ. ಅಪಘಾತ, ಗಾಯ, ನಾಪತ್ತೆ, ಸಾವು, ಇವು ಬಂದರೆ ಅವರು ಒಬ್ಬರೇ ಓದಬೇಕು. ಆಮೇಲೆ ಹೊರಗೆ ಬಂದು ಆ ಹೆಂಗಸನ್ನು ತಾವೇ ಒಳಗೆ ಕರೆದು ಕೂರಿಸಿ ಹೇಳಬೇಕು. ಬೆಂಚಿನವರಿಗೆ ಇದನ್ನು ಯಾರು ತಿಳಿಸಿದರೋ, ಎಲ್ಲರಿಗೂ ಗೊತ್ತಿತ್ತು. ಕ್ಯಾಬಿನ್ನಿನ ಪ್ರಿಂಟರ್ ಒಮ್ಮೆ ಕರ್ರ್ ಎಂದರೆ ಸಾಕು, ಅಷ್ಟೂ ಜನ ಮಾತು ನಿಲ್ಲಿಸಿ ಆ ಬಾಗಿಲನ್ನೇ ನೋಡುತ್ತಿದ್ದರು.

ನನಗೆ ಇದೆಲ್ಲ ತಮಾಷೆ. ಎರಡು ಪ್ರಿಂಟರು, ಎರಡು ಕೇಬಲ್ಲು, ಅದರಲ್ಲಿ ಎಂಥ ಶಕುನ ಅಪಶಕುನ? ಗುಮಾಸ್ತರು ಕ್ಯಾಬಿನ್ನಿನ ಪ್ರಿಂಟರಿಗೆ ಬೆನ್ನು ಮಾಡಿ ಕೂರುತ್ತಿದ್ದುದನ್ನು ಕಂಡು ನಕ್ಕಿದ್ದೇನೆ. "ನಗ್ರಿ ಮೇಡಮ್ಮಾರ, ನಗ್ರಿ. ನೀವು ಎಸಿ ಒಳಗ ಕುಂತೋರು. ಇಲ್ಲಿ ಬಂದು ಒಂದ್ ಸೋಮವಾರ ಕುಂದರ್ರಿ, ಗೊತ್ತಾಕ್ಕೈತಿ" ಎನ್ನುತ್ತಿದ್ದರು.

ಬೆಂಚಿನವರಲ್ಲಿ ಒಬ್ಬಾಕೆ ಉಡುಪಿ ಕಡೆಯವರು. ಜೋಗೇಶ್ವರಿಯ ಚಾಳಿನಲ್ಲಿ ಮನೆ, ಅಲ್ಲೇ ಪ್ಲಾಸ್ಟಿಕ್ ಮುಚ್ಚಳ ಮಾಡುವ ಸಣ್ಣ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸ. ಸೋಮವಾರ ಅರ್ಧ ದಿನ ರಜೆ ಹಾಕಿ ಬರುತ್ತಿದ್ದರು. ನಾನು ಒಂದು ದಿನ ಫೋನಿನಲ್ಲಿ ಯಜಮಾನರ ಮೇಲೆ ಹರಿಹಾಯುತ್ತಿದ್ದಾಗ ಬಾಗಿಲಲ್ಲಿ ಬಂದು ನಿಂತು, "ಎಂತ, ನೀವು ಕನ್ನಡವಾ? ಬೈಯುವುದು ಕೇಳಿ ಖುಷಿಯಾಯ್ತು ಮಾರಾಯ್ರೆ. ನನ್ನ ಮಗಳು ಬೈದ್ರೂ ಹಿಂದಿಯಲ್ಲೇ ಬೈತಾಳೆ" ಎಂದರು. ನನಗಿಂತ ದೊಡ್ಡವರೇ, ಆದರೂ ನನ್ನನ್ನು ಅಕ್ಕ ಎಂದು ಕರೆಯುತ್ತಿದ್ದರು. ಅವರ ಗಂಡ ಒಂದು ತೈಲದ ಹಡಗಿನಲ್ಲಿ ಫಿಟ್ಟರ್. ಆ ಹಡಗು ಗಲ್ಫಿನ ಕಡೆ ಓಡಾಡುತ್ತಿತ್ತು. ಅಲ್ಲಿ ಎರಡು ದೇಶಗಳ ಜಗಳದಲ್ಲಿ ದಾರಿಹೋಕ ಹಡಗುಗಳಿಗೂ ಏಟು ಬೀಳುತ್ತಿದ್ದ ಕಾಲ ಅದು. ಆತ ಇಳಿಯಬೇಕಾದ ತಿಂಗಳು ಎಂದೋ ಕಳೆದಿತ್ತು. ಬದಲಿ ಹೋಗಲು ಯಾರೂ ಒಪ್ಪುತ್ತಿರಲಿಲ್ಲ.

"ಅವರು ಕಾಗದ ಬರೆಯುವ ಜನ ಅಲ್ಲ ಅಕ್ಕ. ಪೆನ್ನು ಹಿಡಿದ್ರೆ ಜ್ವರ ಬರ್ತದೆ ಅವರಿಗೆ" ಎಂದು ಆಕೆ ನಗುತ್ತಿದ್ದರು. "ಈ ಚೀಟಿ ಒಂದೇ. ಇದು ಬಂದ್ರೆ ಜನ ಉಂಟು ಅಂತ ಲೆಕ್ಕ."

ಹೀಗಿರುವಾಗ ಸಾಫ್ಟ್‌ವೇರಿನ ಹೊಸ ವರ್ಶನ್ ಬಂತು. ಹಾಕಲೇಬೇಕು, ಹಳೆಯದಕ್ಕೆ ಇನ್ನು ಸಹಾಯ ಸಿಗುವುದಿಲ್ಲ ಎಂದು ಕಂಪ್ಯೂಟರ್ ಕೊಟ್ಟವರು ಹೇಳಿದರು. ಅವರ ಕಡೆಯ ಒಬ್ಬ ಎಂಜಿನಿಯರ್ ಭಾನುವಾರ ಬಂದು ಟೆಲೆಕ್ಸ್ ಲೈನು ಮುಚ್ಚಿ ಕೆಲಸ ಶುರುಮಾಡಿದ. ಸೋಮವಾರ ಮಧ್ಯಾಹ್ನಕ್ಕೆ ಮುಗಿಯಿತು. ಅಷ್ಟರಲ್ಲಿ ಬೆಂಚು ತುಂಬಿತ್ತು. ಭಾನುವಾರದ ಸಂದೇಶಗಳೆಲ್ಲ ಟೆಲೆಕ್ಸ್ ಎಕ್ಸ್‌ಚೇಂಜಿನಲ್ಲೇ ಸಿಕ್ಕಿಕೊಂಡು ಕಾಯುತ್ತಿದ್ದವು. ಎಂಜಿನಿಯರ್ ಲೈನು ತೆರೆದ. ಕೌಂಟರಿನ ಪ್ರಿಂಟರ್ ಓಡತೊಡಗಿತು. ಆಹಾ, ಒಂದೇ ಏಟಿಗೆ ಕೆಲಸ ಮಾಡಿತಲ್ಲ ಎಂದು ನಾವಿಬ್ಬರೂ ಕೈ ಕುಲುಕಿದೆವು. ಅವನು ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಟ.

ಅವನು ಮೆಟ್ಟಿಲಿಳಿದಿರಬೇಕು, ಅಷ್ಟೇ. ಕಾರಿಡಾರಿನಲ್ಲಿ ಏನೋ ಸರಿಯಿಲ್ಲ ಎನ್ನಿಸಿತು. ಸೋಮವಾರ ಮಧ್ಯಾಹ್ನ ಅಲ್ಲಿ ಮೀನು ಮಾರ್ಕೆಟ್ಟಿನಷ್ಟು ಗಲಾಟೆ ಇರಬೇಕು. ಒಂದು ಪಿಸುಮಾತೂ ಇರಲಿಲ್ಲ. ಬರಿಗಾಲಲ್ಲೇ ಹೊರಗೆ ಬಂದೆ. ಕೌಂಟರಿನ ಪ್ರಿಂಟರ್ ನಿಂತುಹೋಗಿತ್ತು. ಬೇರೆ ಕಡೆಯ ಹಡಗುಗಳದ್ದು ಬಂದಾಗಿತ್ತು. ಕ್ಯಾಬಿನ್ನಿನದು ಮಾತ್ರ ಹೊಡೆಯುತ್ತಿತ್ತು.

ಹೊಡೆಯುತ್ತಲೇ ಇತ್ತು. ಅದು ಎಂದೂ ಅಷ್ಟು ಹೊತ್ತು ಹೊಡೆದದ್ದಿಲ್ಲ. ಗಲ್ಫಿನ ಹಡಗುಗಳ ಹೆಂಗಸರು ಬೆಂಚಿನಿಂದ ಎದ್ದು ಬಾಗಿಲಿನ ಹತ್ತಿರ ಗುಂಪಾಗಿ ನಿಂತಿದ್ದರು. ಯಾರೂ ಅಳುತ್ತಿರಲಿಲ್ಲ. ಉಡುಪಿಯಾಕೆ ಒಂದು ಅಂಗೈಯನ್ನು ಗಾಜಿಗೆ ಒತ್ತಿಕೊಂಡು, ಒಳಗಿರುವವರು ಎದ್ದು ತೆಗೆಯುತ್ತಾರೇನೋ ಎಂಬಂತೆ ನಿಂತಿದ್ದರು. ಒಳಗೆ ಯಾರಿದ್ದರು? ಮ್ಯಾನೇಜರ್ ಸಾಹೇಬರು ಬಂದರಿನ ಡಾಕ್ ಕಡೆ ಹೋಗಿದ್ದರು, ಬೀಗ ಹಾಕಿ, ಕೀಲಿ ಜೇಬಿನಲ್ಲಿಟ್ಟುಕೊಂಡು.

"ಮೇಡಮ್ಮಾರ, ಒಳಗ ಏನ್ ಬರಾಕತ್ತೈತಿ ನೋಡ್ರಿ ಲಗೂನ" ಎಂದರು ಗುಮಾಸ್ತರು. "ಇಷ್ಟ್ ಉದ್ದ ಬರಬೇಕಂದ್ರ... ಎಷ್ಟ್ ಮಂದಿರೀ?"

ಓಡಿಹೋಗಿ ಟರ್ಮಿನಲ್ಲಿನಲ್ಲಿ ಕ್ಯಾಬಿನ್ನಿಗೆ ಹೋಗುತ್ತಿದ್ದ ಸಂದೇಶಗಳ ಸಾಲನ್ನು ತೆರೆದೆ. ಮೇಲೆ ಕುಶಲದ ತಲೆಬರಹ. ಹುಷಾರಾಗಿದ್ದೇನೆ. ಬೆನ್ನುನೋವು ಕಡಿಮೆ. ತಂಗಿಯ ಮದುವೆಗೆ ಆಶೀರ್ವಾದ. ಅಯ್ಯೋ ರಾಮ! ಗಲ್ಫಿನ ಹಡಗುಗಳ ಕುಶಲವೆಲ್ಲ ಕ್ಯಾಬಿನ್ನಿಗೆ ಬೀಳುತ್ತಿತ್ತು. ಓಡಿಬಂದು, "ಸಬ್ ಠೀಕ್ ಹೈ! ಏನೂ ಆಗಿಲ್ಲ! ಚೀಟಿಗಳೇ ಅವು, ದಾರಿ ತಪ್ಪಿ ಅಲ್ಲಿ ಬರ್ತಿವೆ!" ಎಂದು ಕೂಗಿದೆ. ಒಬ್ಬರೂ ತಿರುಗಿ ನೋಡಲಿಲ್ಲ. ಸಮಾಧಾನಕ್ಕೆ ಸುಳ್ಳು ಹೇಳುತ್ತಿದ್ದೇನೆ ಎಂದುಕೊಂಡಿರಬೇಕು. ಉಡುಪಿಯಾಕೆ ಗಾಜಿನಿಂದ ಕೈ ತೆಗೆಯದೆ, "ಕಾಗದ ತೋರಿಸಿ ಅಕ್ಕ" ಎಂದರು.

ಸಾಹೇಬರು ಬಂದು ಬೀಗ ತೆಗೆಯುವ ತನಕ ಅದು ಹೊಡೆಯುತ್ತಲೇ ಇತ್ತು. ಬಾಗಿಲು ತೆರೆದಾಗ ಕಾಗದ ಮೇಜಿನಿಂದ ಇಳಿದು ನೆಲದ ಮೇಲೆ ರಾಶಿ ಬಿದ್ದಿತ್ತು. ಗುಮಾಸ್ತರು ನೆಲದ ಮೇಲೇ ಕೂತು ಓದಿದರು. ಸ್ಕೇಲು ಇಡದೆ ಕೈಗೆ ಬಂದಂತೆ ಹರಿದರು. "ಫಿಟ್ಟರ್ ಮನೀಯವರು! ಆರಾಮ್ ಅದಾರಂತ, ಉಪ್ಪಿನಕಾಯಿ ಖಾಲಿ ಆತಂತ" ಎಂದಾಗ ಉಡುಪಿಯಾಕೆ ಚೀಟಿ ಕಸಿದುಕೊಂಡು ನನ್ನ ಕಡೆ ತಿರುಗಿದರು.

"ನಿಮ್ಮ ಕಂಪ್ಯೂಟರಿಗೆ ಬೆಂಕಿ ಬೀಳ! ಮನುಷ್ಯರನ್ನು ಕೊಲ್ಲಲಿಕ್ಕೆ ಉಂಟಾ ಅದು?" ಎಂದು ಬೈದು, ಅಳುತ್ತಾ, ಆಮೇಲೆ ಅಳುತ್ತಲೇ ನಕ್ಕರು. ಬೈಸಿಕೊಂಡು ಅಷ್ಟು ಹಗುರವಾದದ್ದು ನನಗೆ ನೆನಪಿಲ್ಲ.

ಸಾಹೇಬರು ನಗಲಿಲ್ಲ. ನನ್ನನ್ನು ಒಳಗೆ ಕರೆದು, ಈ ಪ್ರಿಂಟರ್ ಬಾಯಿ ತೆರೆಯದ ದಿನವೇ ತಮಗೆ ಒಳ್ಳೆಯ ದಿನ, ಅದನ್ನು ಹರಟೆಮಲ್ಲನನ್ನಾಗಿ ಮಾಡಬೇಡ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಮಾತು ಮೆತ್ತಗಿತ್ತು, ಆದರೆ ನನಗೆ ಮುಖಕ್ಕೆ ಹೊಡೆದ ಹಾಗಾಯಿತು.

ಮಾರನೆಯ ದಿನ ಲೋಕಲ್‌ನಲ್ಲಿ ಯಾರದೋ ಕೊಡೆ ಕಿಟಕಿಯ ಸರಳಿಗೆ ತಾಗಿ ಕರ್ರ್ ಎಂದಿತು, ಬೆಚ್ಚಿಬಿದ್ದೆ. ಗಾಜಿಗೆ ಒತ್ತಿದ್ದ ಆ ಅಂಗೈ ಕಣ್ಣಿಂದ ಹೋಗುತ್ತಿರಲಿಲ್ಲ. ಶಕುನ ಕಂಡು ನಗುತ್ತಿದ್ದವಳು ನಾನೇ ಕ್ಯಾಬಿನ್ನಿನ ಮುಂದೆ ಹೆಜ್ಜೆ ಜೋರು ಮಾಡಿ ನಡೆಯತೊಡಗಿದೆ.

ಎಂಜಿನಿಯರ್ ಮತ್ತೆ ಬಂದ. ಮೊದಲು ಕೇಬಲ್ ಬದಲಾಗಿದೆ ಎಂದ. ಎರಡೂ ಪ್ರಿಂಟರುಗಳ ಕೇಬಲ್ಲನ್ನು ಗೋಡೆಯುದ್ದಕ್ಕೂ ಕೈಯಲ್ಲಿ ಹಿಡಿದು ನೋಡಿಕೊಂಡು ಬಂದೆವು, ಸರಿಯಾಗಿತ್ತು. ಕೇಬಲ್ಲು ಸಿಕ್ಕಿಸುವ ಪೋರ್ಟಿನ ಸೆಟ್ಟಿಂಗ್ ಎಂದ. ಅದೂ ಅಲ್ಲ. ಪ್ರಿಂಟರಿನದೇ ತಪ್ಪು ಎಂದ, ನನಗೆ ಮೈಯೆಲ್ಲ ಉರಿಯಿತು. "ಅದು ಸಿಕ್ಕಿದ್ದನ್ನು ಹೊಡೆಯುತ್ತೆ ಕಣಪ್ಪಾ, ಅದಕ್ಕೇನು ಗೊತ್ತು ಗಲ್ಫ್ ಎಲ್ಲಿದೆ ಅಂತ?" ಎಂದು ಕನ್ನಡದಲ್ಲೇ ರೇಗಿದೆ. ಕೊನೆಗೆ ಇಡೀ ಸಾಫ್ಟ್‌ವೇರನ್ನು ಅಳಿಸಿ ಮತ್ತೆ ಹಾಕಿದ. ಮತ್ತೆ ಅದೇ ಹಾಡು. ನಿಯಮದ ಫೈಲಿನ ಮೇಲೆ ಮಾತ್ರ ನಮ್ಮಿಬ್ಬರಿಗೂ ಅನುಮಾನವೇ ಬರಲಿಲ್ಲ. ಬರುವುದಾದರೂ ಹೇಗೆ? ಹಳೆಯ ಫೈಲನ್ನೇ ಒಂದಕ್ಷರ ಮುಟ್ಟದೆ ಹೊಸದರಲ್ಲಿ ಇಟ್ಟಿದ್ದೆವು. ವರ್ಷಗಟ್ಟಲೆ ಅದರಿಂದಲೇ ಕೆಲಸ ನಡೆದಿತ್ತು.

ಆ ದಿನಗಳಲ್ಲಿ ಗಲ್ಫಿನ ಹಡಗುಗಳಿಂದ ಬಂದದ್ದೆಲ್ಲ ಕ್ಯಾಬಿನ್ನಿಗೇ ಬೀಳುತ್ತಿತ್ತು. ಈರುಳ್ಳಿ ಬೇಕು, ಬನಿಯನ್ ಬೇಕು, ಅಡುಗೆಯವನಿಗೂ ಮೇಸ್ತ್ರಿಗೂ ಜಗಳ, ಎಲ್ಲವೂ. ಮೊದಮೊದಲು ಕರ್ರ್ ಎಂದಾಗಲೆಲ್ಲ ಸೆಕ್ಷನ್ನಿನವರ ಮುಖ ಬಿಳುಚುತ್ತಿತ್ತು. ವಾರ ಕಳೆಯುವುದರೊಳಗೆ ಯಾರೂ ತಲೆ ಎತ್ತದಾದರು. ಮುಂದಿನ ಸೋಮವಾರವೂ ಕುಶಲ ಅಲ್ಲೇ ಬಂತು. ಈ ಸಲ ಸಾಹೇಬರು ಬಾಗಿಲು ತೆರೆದಿಟ್ಟುಕೊಂಡೇ ಕೂತಿದ್ದರು. ಹೆಂಗಸರು ಮುಸಿಮುಸಿ ನಕ್ಕರು. ಉಡುಪಿಯಾಕೆ ನನಗೆಂದು ಬಾಳೆಲೆಯಲ್ಲಿ ಪತ್ರೊಡೆ ಕಟ್ಟಿಕೊಂಡು ಬಂದಿದ್ದರು.

"ಇರಲಿ ಬಿಡಿ ಅಕ್ಕ, ಹೀಗೇ ಇರಲಿ" ಎಂದರು. "ಆ ಮಿಶಿನ್ ಎಷ್ಟು ವರ್ಷ ನಮ್ಮನ್ನು ಹೆದರಿಸಿದ್ದು ಗೊತ್ತುಂಟಾ ನಿಮಗೆ? ಈಗ ನೋಡಿ, ಪಾಪ, ಉಪ್ಪಿನಕಾಯಿ ಸುದ್ದಿ ಹೇಳ್ತದೆ."

ಹಾಗೇ ಬಿಟ್ಟುಬಿಡೋಣ ಎನ್ನಿಸದೆ ಇರಲಿಲ್ಲ. ಆದರೆ ಸಾಹೇಬರು ಬಿಡಬೇಕಲ್ಲ. ಕೆಟ್ಟ ಸುದ್ದಿ ಈರುಳ್ಳಿಯ ನಡುವೆ ಬಂದು ಕೂತರೆ ಯಾರು ನೋಡುತ್ತಾರೆ ಎಂದು ಅವರ ಪ್ರಶ್ನೆ. ನ್ಯಾಯವಾದದ್ದೇ.

ಎಂಜಿನಿಯರ್ ಕೈಚೆಲ್ಲಿದ ಮೇಲೆ, ಬೇರೇನೂ ಉಳಿದಿಲ್ಲವೆಂದು, ಆ ನಿಯಮದ ಫೈಲನ್ನೇ ಹರವಿಕೊಂಡು ಕೂತೆ. ಎಲ್ಲಕ್ಕಿಂತ ಮೇಲೆ ಒಂದು ಸಾಲು: ಗಲ್ಫಿನ ಹಡಗುಗಳಿಂದ ಏನೇ ಬಂದರೂ ಕ್ಯಾಬಿನ್ನಿಗೆ. ಕೆಳಗೆ ವಿನಾಯಿತಿಗಳು: ಕುಶಲವಾದರೆ ಕೌಂಟರಿಗೆ, ಸಾಮಾನಿನ ಪಟ್ಟಿಯಾದರೆ ಕೌಂಟರಿಗೆ, ರಜೆಯಾದರೆ ಕೌಂಟರಿಗೆ. ಇವೆಲ್ಲ ಕಳೆದು ಉಳಿಯುವುದು ಕೆಟ್ಟದ್ದು ಮಾತ್ರ, ಅದು ಕ್ಯಾಬಿನ್ನಿಗೆ. ನೋಡುತ್ತಾ ನೋಡುತ್ತಾ ಒಮ್ಮೆಲೇ ಹೊಳೆಯಿತು. ಅಂಗಡಿಗೆ ಹೊರಟವರಿಗೆ ನಾವು ಬಾಗಿಲಲ್ಲಿ "ಏನೂ ಬೇಡ" ಎನ್ನುತ್ತೇವೆ, ಮೆಟ್ಟಿಲಿಳಿಯುವಾಗ "ಕೊತ್ತಂಬರಿ ಇದ್ದರೆ ತನ್ನಿ" ಎನ್ನುತ್ತೇವೆ. ಹಳೆಯ ಸಾಫ್ಟ್‌ವೇರು ಕೊನೆಯ ಮಾತಿನ ತನಕ ನಿಂತು ಕೇಳುತ್ತಿತ್ತು, ಕೊನೆಯದನ್ನೇ ಪಾಲಿಸುತ್ತಿತ್ತು. ಹೊಸದು ಮೊದಲನೆಯ ಮಾತು ಕಿವಿಗೆ ಬಿದ್ದದ್ದೇ ಓಡುತ್ತಿತ್ತು. ಕೆಳಗಿನ ಸಾಲುಗಳನ್ನು ಅದು ಓದಿಯೇ ಇರಲಿಲ್ಲ. ಥತ್, ಇಷ್ಟಕ್ಕೆ ಅಷ್ಟು ಜನರ ಜೀವ ಬಾಯಿಗೆ ಬಂದಿತ್ತು!

ಸಾಲುಗಳನ್ನು ತಿರುವುಮುರುವು ಮಾಡಿದೆ. ವಿನಾಯಿತಿಗಳು ಮೇಲೆ, ಆ ದೊಡ್ಡ ಸಾಲು ಕೆಳಗೆ. ಇನ್ನು ಪರೀಕ್ಷೆ ಮಾಡಬೇಕು. ಒಳ್ಳೆಯ ಸಂದೇಶ ಕೌಂಟರಿಗೆ ಹೋದರೆ ಸಾಲದು, ಕೆಟ್ಟದ್ದು ಕ್ಯಾಬಿನ್ನಿಗೆ ಹೋಗುತ್ತದೋ ಇಲ್ಲವೋ ನೋಡಬೇಕು. ಅಂದರೆ ಒಂದು ಕೆಟ್ಟ ಸುದ್ದಿಯನ್ನು ನಾನೇ ಬರೆಯಬೇಕು, ಗಲ್ಫಿನ ಯಾವುದಾದರೊಂದು ಹಡಗಿನ ಗುರುತು ಹಾಕಿ.

ಕೀಬೋರ್ಡಿನ ಮೇಲೆ ಬೆರಳಿಟ್ಟೆ, ಓಡಲಿಲ್ಲ. ಯಾವ ಹಡಗು? ಯಾರು? ಬರೀ ಪರೀಕ್ಷೆ, ಹೊಡೆದು ಬಿಸಾಡುವ ಕಾಗದ, ನಿನಗೇನು ಬಂತು ರೋಗ ಎಂದು ನನ್ನನ್ನೇ ಬೈದುಕೊಂಡೆ. ಆದರೂ ಆಗಲಿಲ್ಲ. ಕೊನೆಗೆ ಗುಮಾಸ್ತರನ್ನು ವಿಚಾರಿಸಿ, ಗಲ್ಫಿನ ಪಟ್ಟಿಯಲ್ಲೇ ಇದ್ದರೂ ರಿಪೇರಿಗೆಂದು ನಮ್ಮ ಡಾಕಿನಲ್ಲೇ ನಿಂತು, ಜನರೆಲ್ಲ ಇಳಿದು ಮನೆಗೆ ಹೋಗಿದ್ದ ಒಂದು ಹಡಗಿನ ಗುರುತು ಹಾಕಿದೆ. ಹುದ್ದೆ ಬರೆಯಲಿಲ್ಲ. 'ಒಬ್ಬರು ನಾಪತ್ತೆ, ಇದು ಪರೀಕ್ಷೆ' ಎಂದಷ್ಟೇ ಇಂಗ್ಲಿಷಿನಲ್ಲಿ ಹೊಡೆದೆ. ಕ್ಯಾಬಿನ್ನಿನ ಪ್ರಿಂಟರ್ ಚಿಕ್ಕದಾಗಿ ಕರ್ರ್ ಎಂದು ನಿಂತಿತು. ಸಾಹೇಬರು ಆ ಕಾಗದವನ್ನು ಹರಿದು, ಚೂರು ಚೂರು ಮಾಡಿ, ಚೂರುಗಳನ್ನು ಜೇಬಿಗೆ ಹಾಕಿಕೊಂಡರು. ಬುಟ್ಟಿಗೆ ಹಾಕಲು ಅವರಿಗೂ ಮನಸ್ಸು ಬರಲಿಲ್ಲವೆಂದು ಕಾಣುತ್ತದೆ.

ಆಮೇಲೆ ಎಲ್ಲವೂ ಸರಿಹೋಯಿತು. ಈರುಳ್ಳಿ ಕೌಂಟರಿಗೆ ಹೋಯಿತು, ಬನಿಯನ್ ಕೌಂಟರಿಗೆ ಹೋಯಿತು. ಕ್ಯಾಬಿನ್ನು ಬಾಯಿ ಮುಚ್ಚಿತು. ಶನಿವಾರದ ತನಕ ಅದು ಒಂದು ಸಲವೂ ಉಸಿರೆತ್ತಲಿಲ್ಲ.

ಸೋಮವಾರ ಬಂತು. ಗುಮಾಸ್ತರು ಬೆಂಚಿನವರ ಮುಂದೆ ನಿಂತು, "ಮೇಡಮ್ಮಾರು ರಿಪೇರಿ ಮಾಡ್ಯಾರ. ಇವತ್ತಿಂದ ಚೀಟಿ ಎಲ್ಲಾ ನಮ್ಮ ಕೌಂಟರಿಗೇ ಬರ್ತಾವ" ಎಂದು ಹಿಂದಿಯಲ್ಲೂ ಕನ್ನಡದಲ್ಲೂ ಸಾರಿದರು. ಕೌಂಟರಿನ ಪ್ರಿಂಟರ್ ಓಡಿತು. ಗಲ್ಫಿನ ಹಡಗುಗಳದ್ದೂ ಒಂದೊಂದಾಗಿ ಬಂತು. ನಾನು ಕೆಲಸ ಬಿಟ್ಟು ಕಾರಿಡಾರಿನಲ್ಲೇ ನಿಂತು ನೋಡುತ್ತಿದ್ದೆ. ನಾನು ಕಟ್ಟಿದ ಸಾಲುಗಳು ಕೆಲಸ ಮಾಡುವುದನ್ನು ನೋಡುವ ಖುಷಿ ಅದು, ಸುಳ್ಳೇಕೆ ಹೇಳಲಿ.

ಚೀಟಿ ಹಂಚಿ ಮುಗಿಯಿತು. ಒಂದು ಹಡಗಿನದ್ದು ಬಂದಿರಲಿಲ್ಲ. ಉಡುಪಿಯಾಕೆಯ ಕೈ ಖಾಲಿ ಇತ್ತು.

"ಬರ್ತದೆ. ಒಮ್ಮೊಮ್ಮೆ ಲೇಟು" ಎಂದು ಆಕೆಯೇ ಎಲ್ಲರಿಗೂ ಸಮಾಧಾನ ಹೇಳಿದರು. ಯಾರೂ ಏಳಲಿಲ್ಲ. ಯಾರೋ ಕಡಲೆಕಾಯಿ ಪೊಟ್ಟಣ ಬಿಚ್ಚಿದರು. ಗುಮಾಸ್ತರು ಸ್ಕೇಲನ್ನು ಒರೆಸುತ್ತಾ ಕೂತರು. ಕಿಟಕಿಯಾಚೆ ಬಸ್ಸೊಂದು ಹಾರ್ನ್ ಹೊಡೆಯುತ್ತಾ ಹೋಯಿತು.

ಆಗ ಕ್ಯಾಬಿನ್ನಿನ ಪ್ರಿಂಟರ್ ಹೊಡೆಯಿತು.

ಬೆಂಚಿಗೆ ಬೆಂಚೇ ಗೊಳ್ಳೆಂದು ನಕ್ಕಿತು. "ಫಿರ್ ಬಿಗಡ್ ಗಯಾ!" ಎಂದು ಒಬ್ಬಳು ಚಪ್ಪಾಳೆ ತಟ್ಟಿದಳು. ಎಲ್ಲರಿಗಿಂತ ಜೋರಾಗಿ ನಕ್ಕದ್ದು ಉಡುಪಿಯಾಕೆ. "ನೋಡಿ ಅಕ್ಕ ನಿಮ್ಮ ರಿಪೇರಿ! ನಮ್ಮ ಹಡಗಿನದ್ದು ಮಾತ್ರ ಪುನಃ ಅಲ್ಲಿಗೇ ಹೋಯ್ತು. ಅವರಿಗೆ ಎಲ್ಲಿ ಹೋದ್ರೂ ದಾರಿ ತಪ್ಪುದೇ! ಬೇಗ ಸರಿ ಮಾಡಿ, ನನಗೆ ಚರ್ಚ್‌ಗೇಟಿಂದ ಲೋಕಲ್ ಹಿಡೀಲಿಕ್ಕುಂಟು."

ನಾನು ನಗಲಿಲ್ಲ. ಪ್ರಿಂಟರ್ ಆಗಲೇ ನಿಂತಿತ್ತು. ಕುಶಲವಾಗಿದ್ದರೆ ಇಡೀ ಹಡಗಿನ ಜನರ ಸಾಲುಗಳು ಬರಬೇಕು, ಉದ್ದಕ್ಕೆ ಹೊಡೆಯಬೇಕು. ಇದು ಹೊಡೆದದ್ದು ತುಣುಕು. ಗುಮಾಸ್ತರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಲಿಲ್ಲ. ಕ್ಯಾಬಿನ್ನಿನ ಬಾಗಿಲು ಮುಚ್ಚಿತ್ತು. ಈ ಸಲ ಸಾಹೇಬರು ಒಳಗೇ ಇದ್ದರು. ಮಂಜುಗಾಜಿನಲ್ಲಿ ಅವರು ಎದ್ದು ಪ್ರಿಂಟರಿನ ಹತ್ತಿರ ಹೋದದ್ದು ಕಂಡಿತು. ವಾಪಸು ಬಂದು ಕೂತದ್ದೂ ಕಂಡಿತು. ಆಮೇಲೆ ಅವರು ಅಲುಗಾಡಲಿಲ್ಲ.

ನಾನು ರೂಮಿಗೆ ಹೋಗಿ ಟರ್ಮಿನಲ್ಲಿನ ಮುಂದೆ ಕೂತೆ. ಬಂದ ಸಂದೇಶದ ಮೇಲ್ಗಡೆ ಹಡಗಿನ ಗುರುತು ಇತ್ತು. ಆ ತೈಲದ ಹಡಗಿನದೇ. ತೆರೆದು ಓದಬಹುದಿತ್ತು, ಒಂದು ಕೀಲಿ ಒತ್ತಿದರೆ ಸಾಕಿತ್ತು. ಒತ್ತಲಿಲ್ಲ. ಅದರ ಬದಲು ನಿಯಮದ ಫೈಲನ್ನು ತೆರೆದೆ. ತಪ್ಪಿರಬೇಕು. ಎಲ್ಲೋ ಒಂದು ಚುಕ್ಕೆ, ಒಂದು ಖಾಲಿ ಜಾಗ, ಈ ಹಡಗಿನ ಗುರುತಿನಲ್ಲೊಂದು ಅಕ್ಷರ ನಾನೇ ಎಡವಟ್ಟು ಮಾಡಿರಬೇಕು. ದೇವರೇ, ಒಂದೇ ಒಂದು ತಪ್ಪು ತೋರಿಸಪ್ಪಾ ಎಂದು ಬೇಡಿಕೊಂಡೆ. ಕೆಲಸದಲ್ಲಿ ನಾನು ದೇವರನ್ನು ಕರೆದವಳಲ್ಲ, ಅದರಲ್ಲೂ ನನ್ನದೇ ತಪ್ಪು ಸಿಗಲಿ ಎಂದು. ಸಾಲುಗಳನ್ನು ಬೆರಳಿಟ್ಟು ಓದಿದೆ. ಕುಶಲವಾದರೆ ಕೌಂಟರಿಗೆ. ಸರಿಯಾಗಿತ್ತು. ಸಾಮಾನಾದರೆ ಕೌಂಟರಿಗೆ. ಸರಿಯಾಗಿತ್ತು. ಆ ಹಡಗಿನ ಗುರುತು ಹಾಕಿ, 'ಇದು ಪರೀಕ್ಷೆ' ಎಂದೂ ಸೇರಿಸಿ, ಒಂದು ಸುಳ್ಳು ಕುಶಲ ಬರೆದು ಕಳಿಸಿದೆ. ಕಾರಿಡಾರಿನಲ್ಲಿ ಕೌಂಟರಿನ ಪ್ರಿಂಟರ್ ಹೊಡೆಯಿತು. ಅದೂ ಸರಿಯಾಗಿಯೇ ಹೋಗಿತ್ತು. ಫೈಲನ್ನು ಮತ್ತೆ ಮೊದಲಿನಿಂದ ಓದಲು ಶುರುಮಾಡಿದೆ. ಪರದೆಯ ಮೇಲಿನ ಅಕ್ಷರಗಳು ಕಲಸಿಹೋದವು.

"ಅಕ್ಕ."

ಉಡುಪಿಯಾಕೆ ಬಾಗಿಲಲ್ಲಿ ನಿಂತಿದ್ದರು. ಹಿಂದೆ ಕಾರಿಡಾರಿನಲ್ಲಿ ಕಡಲೆಕಾಯಿ ಒಡೆಯುವ ಸದ್ದು ನಿಂತಿತ್ತು.

"ಸಾಹೇಬ್ರು ನನ್ನನ್ನು ಒಳಗೆ ಕರೀತಿದ್ದಾರೆ" ಎಂದರು. ತುಟಿಯಲ್ಲಿ ನಗು ಇನ್ನೂ ಇತ್ತು, ಅದನ್ನು ಬೀಳದಂತೆ ಹಿಡಿದುಕೊಂಡಿದ್ದರು. "ಅವರಿಗೆ ಮಿಶಿನಿನದ್ದು ಎಂತ ಗೊತ್ತುಂಟು, ಹಳೇ ಜನ. ಅದು ಪುನಃ ಹಾಳಾಗಿದೆ ಅಂತ ನೀವೇ ಬಂದು ಹೇಳಿ. ನೀವು ಹೇಳಿದ್ರೆ ನಂಬ್ತಾರೆ."

ನಾನು ಎದ್ದೆ. ಅವರ ಕೈ ಹಿಡಿದೆ. ಅದು ಐಸಿನಂತೆ ತಣ್ಣಗಿತ್ತು. ಬೆಂಚಿನವರೆಲ್ಲ ಎದ್ದು ನಿಂತು ನಮಗೆ ದಾರಿ ಬಿಟ್ಟರು. ಕ್ಯಾಬಿನ್ನಿನ ಬಾಗಿಲು ಮುಟ್ಟುವ ತನಕ ಆಕೆ ನನ್ನ ಮುಖವನ್ನೇ ನೋಡುತ್ತಾ, "ಹೇಳ್ತೀರಲ್ಲ ಅಕ್ಕ? ಹಾಳಾಗಿದೆ ಅಂತ ಹೇಳ್ತೀರಲ್ಲ?" ಎಂದು ಕೇಳುತ್ತಲೇ ಇದ್ದರು.